ಸದ್ದಿಲ್ಲದ ಬ್ಯಾಟು

ನಾನು ನಿಂತಿದ್ದದ್ದು ಸಿಂದಗಿಯ ಕ್ಲಬ್ಬಿನ ಕೋಣೆಯಲ್ಲಿ, ಟೇಬಲ್ ಟೆನ್ನಿಸ್ ಟೇಬಲ್ಲಿನ ಪಶ್ಚಿಮದ ತುದಿಗೆ, ಕಿಟಕಿಗೆ ಬೆನ್ನು ಕೊಟ್ಟು. 1957ರ ಡಿಸೆಂಬರ್, ಒಂದು ಭಾನುವಾರ, ಸಂಜೆ ನಾಲ್ಕೂವರೆ ದಾಟಿತ್ತು. ಕಿಟಕಿಯ ಕಟ್ಟೆ ನನ್ನಿಂದ ಎರಡು ಹೆಜ್ಜೆ ಹಿಂದೆ. ಅದರ ಮೇಲೆ ನನ್ನ ಹಳೆಯ ಬ್ಯಾಟು, ಕೈಯಲ್ಲಿ ಹೊಸದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಎರಡು ಹೆಜ್ಜೆಯನ್ನು ನಾನು ಇವತ್ತಿಗೂ ಅಳೆಯುತ್ತಿದ್ದೇನೆ.

ಟೇಬಲ್ಲಿನ ಆಚೆ ತುದಿಗೆ ಊರ ದವಾಖಾನೆಯ ಕಂಪೌಂಡರ್ ಇದ್ದರು. ಅವರ ಕಣ್ಣು ಹೋಗುತ್ತಿದೆ ಎಂಬುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ನೌಕರಿ ಹೋಗುತ್ತಿತ್ತು. ಪೆನ್ಶನ್ನಿಗೆ ಇನ್ನು ಎರಡು ವರ್ಷ ಉಳಿದಿತ್ತು. ಗೊತ್ತಾಗುವಂತೆ ಮಾಡಿದವನು ನಾನು.

ನನಗಾಗ ಇಪ್ಪತ್ತನಾಲ್ಕು. ಇಂಡಿ ತಾಲೂಕಿನ ಕಡೆಯಿಂದ ಸಿಂದಗಿಯ ಹೈಸ್ಕೂಲಿಗೆ ಮಾಸ್ತರನಾಗಿ ಬಂದಿದ್ದೆ. ಬ್ಯಾಟು ಹಿಡಿಯುವುದನ್ನು ಕಲಿಸಿದವರು ಕಂಪೌಂಡರರೇ. ಊರವರು ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ.

“ಸಲಾಮ ಮಾಡಿ ಕೈ ಕೊಟ್ಟಂಗ ಹಿಡೀರಿ ಮಾಸ್ತರ. ಹಿಂಡಬ್ಯಾಡ್ರಿ, ಅದೇನ್ ಒಗದ ಅರಿವಿ ಅಲ್ಲ.”

ಸೋಲಾಪುರದಿಂದ ಬರುವ ಚೆಂಡಿನ ಡಬ್ಬಿಯಲ್ಲಿ ಅರ್ಧ ಕೆಲಸಕ್ಕೆ ಬಾರದವು ಇರುತ್ತಿದ್ದವು. ಆರಿಸುವುದು ಚಾಚಾರ ಕೆಲಸ. ನೆಲದ ಫರಸಿ ಕಲ್ಲಿನ ಮೇಲೆ ಮೊಣಕಾಲೆತ್ತರದಿಂದ ಒಂದೊಂದನ್ನೇ ಬಿಟ್ಟು, ತಲೆ ಓರೆ ಮಾಡಿ ಕೇಳುತ್ತಿದ್ದರು. ಒಳ್ಳೆಯ ಚೆಂಡು ಕೊನೆಯ ಪುಟಿತದವರೆಗೂ ಒಂದೇ ದನಿ ಕೊಡುತ್ತದೆ. ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೂ ದನಿ ಒಡೆಯುತ್ತದೆ. ನಾನು ಅವನ್ನು ಟೇಬಲ್ಲಿನ ಮೇಲೆ ಬುಗುರಿಯಂತೆ ತಿರುಗಿಸಿ, ತೂರಾಡುವುದನ್ನು ಬೇರೆ ಇಡಬೇಕು. “ದುಂಡಗ ಐತೋ ಇಲ್ಲೋ ನೀವ ನೋಡ್ರಿ, ನಾ ಕೇಳ್ತೇನಿ” ಎನ್ನುತ್ತಿದ್ದರು. ಕೆಲಸ ಹಂಚಿಕೊಂಡಿದ್ದೇವೆ ಎಂದೇ ನಾನು ತಿಳಿದಿದ್ದೆ.

ಬ್ಯಾಟನ್ನೂ ಹಾಗೆಯೇ ಆರಿಸುತ್ತಿದ್ದರು. ಬೆರಳ ಗೆಣ್ಣಿನಿಂದ ಹಿಡಿಕೆಯ ಹತ್ತಿರ ಒಮ್ಮೆ, ತುದಿಯಲ್ಲಿ ಒಮ್ಮೆ ಬಡಿಯುವುದು. ಸದ್ದು ಬೇರೆ ಬೇರೆ ಬಂದರೆ ಒಳಗೆ ಪದರು ಬಿಟ್ಟಿದೆ ಎಂದರ್ಥ. ರಬ್ಬರಿನ ಗುಳ್ಳೆಗಳ ಮೇಲೆ ಹೆಬ್ಬೆರಳು ಎಳೆದರೆ ಅದು ತಡೆಯಬೇಕು, ಜಾರಬಾರದು. ಹೊಸದಾಗಿ ಕಲಿಯುವವರು ಕೇಳಿದರೆ ಈಗಲೂ ನಾನು ಇದನ್ನೇ ಹೇಳುತ್ತೇನೆ: ಮೊದಲ ಬ್ಯಾಟು ಹಗುರವಿರಲಿ, ಗುಳ್ಳೆ ರಬ್ಬರಿನದಿರಲಿ, ಸದ್ದು ಮಾಡುವಂಥದ್ದಿರಲಿ. ಯಾರಿಂದ ಕಲಿತೆ ಎಂದು ಮಾತ್ರ ಹೇಳುವುದಿಲ್ಲ.

ಅವರ ಆಟದಲ್ಲಿ ಓಡಾಟವಿರಲಿಲ್ಲ. ಟೇಬಲ್ಲಿಗೆ ಒತ್ತಿ ನಿಂತು, ಎಡಗಿವಿ ಮುಂದೆ ಮಾಡಿ, ಚೆಂಡು ಪುಟಿದು ಏಳುವಾಗಲೇ ಬ್ಯಾಟು ಅಡ್ಡ ಇಡುತ್ತಿದ್ದರು. ಅಷ್ಟೇ. ಎದುರಿನವನ ಜೋರನ್ನು ಅವನಿಗೇ ಹಿಂದಿರುಗಿಸುವುದು. ಕಚೇರಿಯ ಗುಮಾಸ್ತನೊಬ್ಬನಿದ್ದ, ಅವರನ್ನು ಕೆಣಕದೆ ಅವನಿಗೆ ದಿನ ಹೋಗುತ್ತಿರಲಿಲ್ಲ.

“ಚಾಚಾ, ಚೆಂಡಿನ ನಾಡಿ ನೋಡಾಕತ್ತೀರೇನ್?”

“ನಾಡಿ ಡಾಕ್ಟರ ನೋಡ್ತಾರ. ನಾ ಬರೇ ಗುಳಗಿ ಕೊಡಾಂವ. ನಿನಗೂ ಒಂದ ಐತಿ, ಆ ಕಡೆ ನಿಲ್ಲು.”

ಗುಮಾಸ್ತ ಪ್ರತಿಸಲ ಸೋಲುತ್ತಿದ್ದ. ಹೇಗೆ ಅಷ್ಟು ಬೇಗ ಬ್ಯಾಟು ತರುತ್ತೀರಿ ಎಂದು ನಾನೊಮ್ಮೆ ಕೇಳಿದೆ. “ನಿಮ್ಮ ಬ್ಯಾಟಿಗೆ ಬಡದಾಗನ ಅದು ಹೇಳತೈತಿ, ಎಷ್ಟು ಜೋರ ಬರ್ತೇನಂತ. ಬಂದ ಮ್ಯಾಲೆ ನೋಡಿದ್ರ ತಡಾ ಆಗ್ತೈತಿ” ಎಂದರು.

ಆ ವರ್ಷದ ದೀಪಾವಳಿ ರಜೆಯಲ್ಲಿ ಸೋಲಾಪುರಕ್ಕೆ ಹೋದಾಗ ನಾನು ಸ್ಪಂಜಿನ ಬ್ಯಾಟು ತಂದೆ. ಕಿರುಬೆರಳ ದಪ್ಪದ ಸ್ಪಂಜು, ಗುಳ್ಳೆಗಳಿಲ್ಲ. ಚೆಂಡು ಅದರಲ್ಲಿ ಒಂದು ಕ್ಷಣ ಹುಗಿದು, ಆಮೇಲೆ ಚಿಮ್ಮುತ್ತಿತ್ತು. ‘ಟಕ್’ ಎನ್ನುವ ಸದ್ದು ಇರಲೇ ಇಲ್ಲ. ಚಾಚಾ ಅದನ್ನು ಈಸಿಕೊಂಡು ಹೆಬ್ಬೆರಳಿನಿಂದ ಒತ್ತಿದರು. ಕಿವಿಯ ಹತ್ತಿರ ಹಿಡಿದು ಚೆಂಡಿನಿಂದ ಎರಡು ಸಲ ಬಡಿದರು.

“ಇದಕ್ಕ ಬಾಯೇ ಇಲ್ಲಲ್ರಿ ಮಾಸ್ತರ” ಎಂದು ಹಿಂದಕ್ಕೆ ಕೊಟ್ಟರು.

ಮುದ್ದೇಬಿಹಾಳದಲ್ಲಿ ಸುತ್ತಲಿನ ತಾಲೂಕುಗಳ ನೌಕರರು ಆಡುವ ಪಂದ್ಯವಿತ್ತು. ಸಿಂದಗಿಯಿಂದ ಒಬ್ಬರನ್ನು ಕಳಿಸಬೇಕು. ಕೊನೆಗೆ ಉಳಿದವರು ಚಾಚಾ ಮತ್ತು ನಾನು. ಆಡಿಸುವವರು ದವಾಖಾನೆಯ ಡಾಕ್ಟರು, ಅಂದರೆ ಚಾಚಾರ ಮೇಲಿನ ಅಧಿಕಾರಿ. ಆಡುವುದಿಲ್ಲ ಎಂದರೆ ಯಾಕೆ ಎಂದು ಅವರು ಕೇಳದೆ ಬಿಡುತ್ತಿರಲಿಲ್ಲ.

ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಕೆಮ್ಮಿನ ಔಷಧಕ್ಕೆ ದವಾಖಾನೆಗೆ ಹೋದೆ. ಚಾಚಾ ದೊಡ್ಡ ಜಾಡಿಯಿಂದ ನನ್ನ ಬಾಟಲಿಗೆ ಔಷಧ ಸುರಿದರು. ಬಾಟಲಿ ಕಿವಿಗೆ ಹತ್ತಿರವಿತ್ತು. ಬಾಟಲಿಗೆ ಅಂಟಿಸಿದ್ದ ಅಳತೆಯ ಕಾಗದದ ಪಟ್ಟಿಯ ಮೇಲಿನ ಗೆರೆಗೆ ಸರಿಯಾಗಿ ಔಷಧ ನಿಂತಿತು, ಒಂದು ಹನಿ ಹೆಚ್ಚಿಲ್ಲ. ಬೂಚು ಹಾಕುತ್ತ ಅವರು ಹೇಳಿದರು:

“ನಾಳೆ ಹಳೇ ಬ್ಯಾಟಿಲೆ ಆಡ್ರಿ.”

“ಯಾಕ್ರಿ ಚಾಚಾ, ಹೆದರಿದ್ರೇನ್?”

“ಹೆದರೇನಿ ಅಂತನ ತಿಳಕೋರಿ.”

ನಾನು ನಕ್ಕೆ. ಅವರು ನಗಲಿಲ್ಲ. “ಆತು ಬಿಡ್ರಿ, ಹಳೇದರಲೇ ಆಡ್ತೇನಿ” ಎಂದು ಮಾತು ಕೊಟ್ಟೆ.

ಮೊದಲ ಗೇಮು ಹಳೆಯ ಬ್ಯಾಟಿನಿಂದಲೇ ಆಡಿದೆ. ಕಿಟಕಿ ಅವರ ಬೆನ್ನಿಗಿತ್ತು. ಇಪ್ಪತ್ತೊಂದು–ಹದಿನಾರರಿಂದ ಅವರು ಗೆದ್ದರು. ಕೋಣೆಯಲ್ಲಿ ಡಾಕ್ಟರು, ಗುಮಾಸ್ತ, ಮತ್ತೆ ಆ ಟೇಬಲ್ಲನ್ನು ಮಾಡಿದ ಮೋರಟಗಿಯ ಬಡಿಗೇರರು ಇದ್ದರು. ಅಲುಗಾಡುವ ಕಾಲಿಗೆ ಬೆಣೆ ಹೊಡೆಯಲು ಬಂದು, ಆಟ ನೋಡುತ್ತ ಕೂತಿದ್ದರು.

“ಮಾಸ್ತರ, ಸೋಲಾಪುರದಿಂದ ತಂದ ಬ್ಯಾಟ ಏನ್ ಪೂಜಾಕ್ಕ ಇಟ್ಟೀರಿ?” ಎಂದ ಗುಮಾಸ್ತ. ಡಾಕ್ಟರೂ ನಕ್ಕರು.

ತುದಿ ಬದಲಾಯಿಸಿದೆವು. ನಾನು ಹಳೆಯದನ್ನು ಕಟ್ಟೆಯ ಮೇಲಿಟ್ಟು ಹೊಸದನ್ನು ತೆಗೆದುಕೊಂಡೆ. ಚಾಚಾಗೆ ಏನೂ ಹೇಳಲಿಲ್ಲ. ಮೊದಲ ಹೊಡೆತಕ್ಕೇ ಅವರ ತಲೆ ಮೇಲೆದ್ದಿತು. ಮುಖ ನನ್ನ ಕಡೆ ತಿರುಗಿತು.

ಈಗ ಬಿಸಿಲು ಅವರ ಮುಖಕ್ಕೆ ಹೊಡೆಯುತ್ತಿತ್ತು. ಚೆಂಡು ಟೇಬಲ್ಲಿಗೆ ಬಿದ್ದ ಸದ್ದು ಕೇಳಿ ಅವರು ಬ್ಯಾಟು ತರುವಷ್ಟರಲ್ಲಿ ಅದು ದಾಟಿ ಹೋಗಿರುತ್ತಿತ್ತು. ನನ್ನ ತಪ್ಪಿನಿಂದ ಅವರಿಗೆ ನಾಲ್ಕು ಪಾಯಿಂಟು ಸಿಕ್ಕವು. ಮಿಕ್ಕವೆಲ್ಲ ನನಗೆ. ನನ್ನ ಹದಿಮೂರನೆಯ ಪಾಯಿಂಟಿನಲ್ಲಿ ಚೆಂಡು ಅವರ ಎಡಸೊಂಟದ ಪಕ್ಕದಿಂದ ಹೋಗಿ ಗೋಡೆಗೆ ಬಡಿಯಿತು. ಗೋಡೆಗೆ ಬಡಿದ ಸದ್ದಿಗೆ ಅವರ ಬ್ಯಾಟು ಎದ್ದಿತು.

ಆಗ ನನಗೆ ತಿಳಿಯಿತು. ಫರಸಿಯ ಮೇಲೆ ಬಿಡುತ್ತಿದ್ದ ಚೆಂಡು, ಕಿವಿಯ ಹತ್ತಿರದ ಬಾಟಲಿ, ‘ನೀವ ನೋಡ್ರಿ’ ಎಂಬ ಮಾತು, ಎಲ್ಲ ಒಟ್ಟಿಗೇ ತಿಳಿಯಿತು. ಹಳೆಯ ಬ್ಯಾಟು ಎರಡು ಹೆಜ್ಜೆ ಹಿಂದಿತ್ತು. ನಾನು ಆಟ ಮುಂದುವರಿಸಿದೆ.

ಹದಿಮೂರರಿಂದ ಇಪ್ಪತ್ತೊಂದಕ್ಕೆ ಎಂಟು ಪಾಯಿಂಟು. ಆ ಎಂಟನ್ನು ಗೊತ್ತಿದ್ದೂ ಹೊಡೆದೆ. ಯಾಕೆ ಎಂದರೆ ಗೆಲ್ಲುತ್ತಿದ್ದೆ. ಬೇರೆ ಕಾರಣ ಹುಡುಕಿದ್ದೇನೆ, ಸಿಕ್ಕಿಲ್ಲ. ಕಣ್ಣಿಲ್ಲದವರ ಕೈಯಿಂದ ರೋಗಿಗಳು ಉಳಿದರಲ್ಲ ಎಂದು ಆಮೇಲೆ ಕೆಲವರು ನನಗೆ ಸಮಾಧಾನ ಹೇಳಿದರು. ಇರಬಹುದು. ಆ ಹೊತ್ತಿನಲ್ಲಿ ಒಬ್ಬ ರೋಗಿಯೂ ನನ್ನ ನೆನಪಿಗೆ ಬಂದಿರಲಿಲ್ಲ.

ಡಾಕ್ಟರು ಮೂರನೆಯ ಗೇಮು ಆಡಿಸಲಿಲ್ಲ. ಚೆಂಡನ್ನು ಎತ್ತಿಕೊಂಡು ಚಾಚಾರ ಎದುರಿಗೆ ಹೋಗಿ ನಿಂತು, ಅಂಗೈಯನ್ನು ಒಂದು ಪಕ್ಕಕ್ಕೆ ಚಾಚಿದರು.

“ತಗೋರಿ.”

ಚಾಚಾ ಕೈ ನೀಡಿದರು. ಅದು ಡಾಕ್ಟರ ಅಂಗೈಗಿಂತ ಒಂದು ಗೇಣು ಆಚೆ ಹೋಗಿ ಗಾಳಿಯಲ್ಲಿ ನಿಂತಿತು. ಗುಮಾಸ್ತನೂ ನಗಲಿಲ್ಲ.

“ಯಾವಾಗಿಂದ?” ಎಂದರು ಡಾಕ್ಟರು.

“ಹ್ವಾದ ಮಳಿಗಾಲದಿಂದರಿ.” ಚಾಚಾ ಹೇಳಿದರು, “ಒಂದ್ ಬಾಟ್ಲಿ ತಪ್ಪಿಲ್ರಿ ಸಾಹೇಬ್ರ. ಪ್ರತಿಯೊಂದರ ದನಿ ನನಗ ಗೊತ್ತೈತಿ. ವಾಸನಿನೂ ಗೊತ್ತೈತಿ.”

“ನನಗೂ ಗೊತ್ತೈತ್ರಿ, ತಪ್ಪಿಲ್ಲ. ಆದ್ರೂ ಚಾವಿ ಕೊಡ್ರಿ.”

ಚಾಚಾ ಕೋಟಿನ ಕಿಸೆಯಿಂದ ಔಷಧದ ಕಪಾಟಿನ ಚಾವಿಗೊಂಚಲು ತೆಗೆದರು. ಈ ಸಲ ಡಾಕ್ಟರು ಅಂಗೈಯನ್ನು ಎದುರಿಗೇ ಹಿಡಿದಿದ್ದರು; ಚಾಚಾ ದನಿ ಬಂದ ಕಡೆಗೆ ಕೈ ನೀಡಿದರು. ಗೊಂಚಲು ಸರಿಯಾಗಿ ಡಾಕ್ಟರ ಅಂಗೈಗೆ ಬಿದ್ದಿತು. ಆಮೇಲೆ ಟೇಬಲ್ಲಿನ ಅಂಚು ಹಿಡಿದು, ಅದು ಮುಗಿಯುವವರೆಗೆ ನಡೆದು, ನನ್ನ ಹತ್ತಿರ ನಿಂತರು.

“ಚಲೋ ಆಡಿದ್ರಿ ಮಾಸ್ತರ” ಎಂದರು. ಬಡಿಗೇರರು ಎದ್ದು ಅವರ ಕೈ ಹಿಡಿದು ಮನೆಗೆ ಕರೆದೊಯ್ದರು.

ಮುದ್ದೇಬಿಹಾಳಕ್ಕೆ ಹೋದೆ. ಅದೇ ಸ್ಪಂಜಿನ ಬ್ಯಾಟಿನಿಂದ ಆಡಿ ಮೊದಲ ಪಂದ್ಯದಲ್ಲೇ ಸೋತೆ. ಒಂದೆರಡು ವರ್ಷಕ್ಕೆ ಬರೀ ಸ್ಪಂಜಿನ ಬ್ಯಾಟು ಆಟದ ನಿಯಮದಲ್ಲೇ ನಿಷಿದ್ಧವಾಯಿತು ಎಂದು ಕೇಳಿದೆ. ಚಾಚಾ ದೇವಣಗಾಂವದ ತಮ್ಮನ ಮನೆ ಸೇರಿದರು, ಅಲ್ಲೇ ತೀರಿಕೊಂಡರು. ಪೂರ್ತಿ ಪೆನ್ಶನ್ ಸಿಗಲಿಲ್ಲವಂತೆ. ಸಿಂದಗಿಯಿಂದ ದೇವಣಗಾಂವಕ್ಕೆ ಬಸ್ಸು ಇತ್ತು. ನಾನು ಹೋಗಲಿಲ್ಲ. ಈಗಲೂ ಯಾರಾದರೂ ಮಾತಾಡದೆ ನನ್ನ ಹಿಂದೆ ಬಂದು ನಿಂತರೆ, ಆ ಗೋಡೆಗೆ ಚೆಂಡು ಬಡಿದ ಸದ್ದು ಕೇಳುತ್ತದೆ.

ಡಾಕ್ಟರಿಲ್ಲ, ಗುಮಾಸ್ತನಿಲ್ಲ. ಬಡಿಗೇರರು ಮೋರಟಗಿಯಲ್ಲಿದ್ದಾರೆ. ಟೇಬಲ್ಲಿಗೆ ಯಾವ ಕಟ್ಟಿಗೆ ಹಾಕಿದೆ ಎಂಬುದು ಅವರಿಗೆ ನೆನಪಿದೆ, ಆಟ ನೆನಪಿಲ್ಲ. ಆ ದಿನ ನೋಡಿದವರಲ್ಲಿ ಇನ್ನೊಬ್ಬರು ದವಾಖಾನೆಯ ನರ್ಸಬಾಯಿ. ಎರಡನೆಯ ಗೇಮು ನಡೆದಿದ್ದಾಗ ಡಾಕ್ಟರನ್ನು ಕರೆಯಲು ಬಂದು, ಬಾಗಿಲಲ್ಲೇ ನಿಂತಿದ್ದರು. ಹಳೆಯ ಕೊಲ್ಹಾರ ಅಣೆಕಟ್ಟಿನ ನೀರಿಗೆ ಹೋದ ಮೇಲೆ ಹೊಸ ಕೊಲ್ಹಾರದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಳೆದ ವರ್ಷ ಭೆಟ್ಟಿಯಾದಾಗ, ನಾನು ಕೇಳದೆಯೇ ಹೇಳಿದರು:

“ನೀವು ಒಂದ್ಸಲ ಹಿಂದ ಕೈ ಚಾಚಿದ್ರಿ ಮಾಸ್ತರ, ಹಳೇ ಬ್ಯಾಟಿಗೆ. ಮತ್ತ ಹಿಂದಕ್ಕ ತಗೊಂಡ್ರಿ. ನಾ ನೋಡೇನಿ.”

ನನಗೆ ಅದು ನೆನಪಿಲ್ಲ. ಆದರೆ ಅವರು ನಿಂತಿದ್ದ ಬಾಗಿಲಿನಿಂದ ಕಟ್ಟೆ ಸರಿಯಾಗಿ ಕಾಣುತ್ತಿತ್ತು. ಅವರು ಬದುಕಿದ್ದಾರೆ, ಅವರ ಕಣ್ಣು ಇನ್ನೂ ಚೆನ್ನಾಗಿದೆ.