ಅಬ್ಬಾಸ್ ಸಾಹೇಬರ ಎರಡು ಬೆರಳು

ಸಕಲೇಶಪುರದ ಆ ಕಾಫಿ ಮಂಡಿಯಲ್ಲಿ ತೇವ ಅಳೆಯುವ ಮಿಷನ್ ಇದೆ. ಆದರೂ ಅಬ್ಬಾಸ್ ಸಾಹೇಬರು ಚೀಲಕ್ಕೆ ಕೈ ಹಾಕಿ ‘ಒಣಗೈತೆ’ ಎನ್ನುವವರೆಗೆ ಬೆಳೆಗಾರರಿಗೆ ಸಮಾಧಾನವಿಲ್ಲ. ಮೂವತ್ತು ವರ್ಷ ಆ ಬಲಗೈಯೇ ಅವರ ಅನ್ನ. ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಕಳೆದ ಆಗಸ್ಟ್‌ನಲ್ಲಿ ಚೀಲದ ಹೊಲಿಗೆ ಬಿಚ್ಚುವಾಗ ಚೂರಿ ಜಾರಿ, ಬಲಗೈಯ ತೋರುಬೆರಳು, ನಡುಬೆರಳುಗಳ ಬುಡದಲ್ಲಿ ನರ ತುಂಡಾಯಿತು. ಹಾಸನದ ಡಾಕ್ಟರು ಕೂದಲಿಗಿಂತ ತೆಳ್ಳಗಿನ ದಾರದಲ್ಲಿ ನರ ಹೊಲಿದರು. “ದಿನಕ್ಕೆ ಒಂದು ಮಿಲಿಮೀಟರ್ ಬೆಳೆಯುತ್ತೆ. ನರ ಎಲ್ಲಿವರೆಗೆ ಬಂದಿದೆಯೋ ಅಲ್ಲಿ ತಟ್ಟಿದ್ರೆ ಕರೆಂಟು ಹೊಡೆದ ಹಾಗಾಗುತ್ತೆ. ಆದ್ರೆ ಸ್ಪರ್ಶ ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ” ಎಂದರು. ಅಂದಿನಿಂದ ಸಾಹೇಬರಿಗೆ ನಿದ್ದೆಯಿಲ್ಲ.

ಡಾಕ್ಟರು ಹೇಳಿದಂತೆ ದಿನವೂ ಕಣ್ಣು ಮುಚ್ಚಿಸಿ, ಬೆರಳ ತುದಿಗೆ ಹತ್ತಿಯನ್ನೋ ಅಕ್ಕಿಯನ್ನೋ ತಾಗಿಸಿ ‘ಯಾವುದು?’ ಎಂದು ಹೆಂಡತಿ ಕುಲ್ಸುಂ ಕೇಳಬೇಕಿತ್ತು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೆದರಿಕೆಗೆ ರೆಪ್ಪೆ ಸಂದಿಯಲ್ಲಿ ಇಣುಕಿ “ಹತ್ತಿ” ಎನ್ನುತ್ತಿದ್ದರು. ಪಾಪ, ಆಕೆ ಖುಷಿಯಿಂದ ಊರಿಗೆಲ್ಲ ಸಾರಿದಳು. ಡಿಸೆಂಬರ್‌ನಲ್ಲಿ ಮಂಡಿಯಿಂದ ಕರೆ ಬಂದೇಬಿಟ್ಟಿತು.

ಮೊದಲ ದಿನವೇ ಕೆ. ಹೊಸಕೋಟೆಯ ಬೆಳೆಗಾರ ಚನ್ನಬಸವಯ್ಯ ಒಂದು ಚೀಲ ತಂದು ಬಿಚ್ಚಿದರು. ಸಾಹೇಬರು ಬಲಗೈ ತೂರಿಸಿದರು. ಬೀಜಗಳ ನಡುವೆ ಆ ಎರಡು ಬೆರಳು ಇವೆಯೋ ಇಲ್ಲವೋ, ಅವರಿಗೇ ತಿಳಿಯಲಿಲ್ಲ. ಎಡಗೈಯಾಗಿದ್ದರೆ ಗೊತ್ತಾಗುತ್ತಿತ್ತು. ಆದರೆ ಇನ್ನೊಬ್ಬರ ಬೆಳೆಗೆ ಎಡಗೈ ಹಾಕುವುದುಂಟೇ?

“ಒಣಗೈತೆ ಅಯ್ಯನೋರೆ” ಎಂದುಬಿಟ್ಟರು.

“ಏನ್ ಸಾಬ್ರೆ! ಹಸಿ ಐತೆ ಅಂತ ನಂಗೇ ಗೊತ್ತು. ಇನ್ನೆಷ್ಟು ಬಿಸಿಲು ಬೇಕು ಅಂತ ಕೇಳಕ್ಕೆ ಬಂದೆ” ಎಂದರು ಚನ್ನಬಸವಯ್ಯ.

ಸಾಹೇಬರು ಕೈ ಹೊರಗೆಳೆದರು. “ಬೆರಳು ಸತ್ತೋಗವೆ ಅಯ್ಯನೋರೆ. ಎಲ್ರಿಗೂ ಸುಳ್ಳು ಹೇಳ್ಬುಟ್ಟೆ.”

ಚನ್ನಬಸವಯ್ಯ ಬೈಯಲಿಲ್ಲ. ಅವರ ಎಡಗೈ ಹಿಡಿದು ತಾವೇ ಚೀಲಕ್ಕೆ ಇಳಿಸಿದರು. “ನನ್ ಬೆಳೆ, ನಾನೇ ಹೇಳ್ತಾ ಇವ್ನಿ. ನೋಡಿ.”

“ಎರಡು ಬಿಸಿಲು” ಎಂದರು ಸಾಹೇಬರು, ತಲೆ ಎತ್ತದೆ.

ಆ ಸಂಜೆ ಕುಲ್ಸುಂ ಹತ್ತಿ ತಂದಾಗ ಅವರೇ ಟವೆಲ್ ಕೊಟ್ಟರು. “ಕಣ್ಣಿಗೆ ಕಟ್ಟು. ಇಷ್ಟು ದಿನ ಇಣುಕ್ತಿದ್ದೆ.”

ಆಕೆ ಬಿಗಿಯಾಗಿಯೇ ಕಟ್ಟಿದಳು. ಸಾಹೇಬರು ಉಸಿರು ಹಿಡಿದು ಕಾದರು.

“ಹೂಂ, ಮುಟ್ಟು.”

“ಆಗ್ಲಿಂದ ಮುಟ್ತಾನೇ ಇದೀನಿ, ರೀ.”

ಕುಲ್ಸುಂ ಹತ್ತಿ ಎಸೆದು, ಅಳುತ್ತ, ಆ ತೋರುಬೆರಳನ್ನು ಬುಡದಿಂದ ಒಂದೊಂದೇ ಗೆಣ್ಣು ತಟ್ಟುತ್ತ ಬಂದಳು. ನಡುಗೆಣ್ಣಿಗೆ ಬಂದಾಗ ಕರೆಂಟು ಹೊಡೆದವರಂತೆ ಸಾಹೇಬರು ಚೀರಿದರು. ಆಕೆ ಗಾಬರಿಯಾಗಿ ಕೈ ಬಿಟ್ಟಳು.

“ಬಿಡ್ಬೇಡ ಕಣೇ!” ಎಂದರು. “ಅಲ್ಲೇ ಹೊಡಿ, ಇನ್ನೊಂದ್ಸಲ ನೋಯ್ಲಿ!”