ಲಕ್ಷದ್ವೀಪದ ಸದಸ್ಯೆ

ಎಂಬತ್ತರ ದಶಕದ ಆ ದಿನಗಳಲ್ಲಿ, ಕಡಲಾಚೆ ನಾವಿದ್ದ ಹೇವರ್ಡಿನ ಸುತ್ತಮುತ್ತ ಕನ್ನಡದ ಮನೆಗಳು ಬೆರಳೆಣಿಕೆಯಷ್ಟಿದ್ದವು. ಭಾನುವಾರ ಬಾಡಿಗೆಗೆ ಹಿಡಿದ ಶಾಲೆಯೊಂದರಲ್ಲಿ ನಮಗೆ ಕನ್ನಡ ಕ್ಲಾಸು. ನೆಲದ ಪಾಲಿಶಿನ ವಾಸನೆಯ ನಡುವೆ, ಮುಚ್ಚಿದ ಡಬ್ಬಿಗಳಿಂದ ಚಿತ್ರಾನ್ನದ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು.

ನನಗೆ ಹನ್ನೊಂದಾಗಿದ್ದಾಗ, ಪಾಠ ಹೇಳುತ್ತಿದ್ದ ಶಾಂತಾ ಆಂಟಿ ಮಕ್ಕಳ ಲೋಕಸಭೆ ನಡೆಸೋಣ ಎಂದರು. ಹದಿಮೂರು ಜನ ಚೀಟಿ ಎತ್ತಿದೆವು. ನನ್ನ ಜೀವದ ಗೆಳತಿ ರಶ್ಮಿಗೆ ಮಂಗಳೂರು ಬಂತು, ನನಗೆ ಲಕ್ಷದ್ವೀಪ. ದೇಶದಲ್ಲೇ ಅತಿ ಕಡಿಮೆ ಮತದಾರರ ಕ್ಷೇತ್ರ ಎಂದು ಆಂಟಿ ವಿವರಿಸಿದಾಗ ಎಲ್ಲರೂ ನಕ್ಕರು. ಇರುವ ಒಂದೇ ಆಸ್ಪತ್ರೆ ಹಡಗು ಮಂಗಳೂರಿನಲ್ಲಿರಬೇಕೋ, ದ್ವೀಪದಲ್ಲೋ ಎಂಬುದು ಚರ್ಚೆಯ ವಿಷಯ.

ಆರು ತಿಂಗಳಿಗೆಂದು ಬಂದಿದ್ದ ಅಮ್ಮನ ಅಪ್ಪ, ಲಕ್ಷದ್ವೀಪದ ಅಮಿನಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ಅಲ್ಲಿ ಕಂಪೌಂಡರ್ ಆಗಿದ್ದವರು. ತಮ್ಮ ಸಂಸದರನ್ನು ತಾವೇ ಆರಿಸುವ ಹಕ್ಕು ಅಲ್ಲಿಯವರಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ ಎಂದರು. ಪುಟ್ಟ ಭಾಷಣ ಬರೆದುಕೊಟ್ಟು ವಾರವಿಡೀ ಬಾಯಿಪಾಠ ಮಾಡಿಸಿದರು.

ನನ್ನ ಸರದಿ ಬಂದಾಗ ಒಂದಕ್ಷರವೂ ನೆನಪಾಗಲಿಲ್ಲ. ಇದ್ದದ್ದು ಎರಡೇ ನಿಮಿಷ. ಹಿಂದಿನ ಸಾಲಿನಲ್ಲಿ ಅಜ್ಜ ಕೋಟಿನ ಗುಂಡಿ ಹಿಡಿದು ಕೂತಿದ್ದರು. ಯಾರೋ ಕಿಸಕ್ಕೆಂದರು.

"ಮಳೆಗಾಲದಲ್ಲಿ ನಮ್ಮೂರಿಗೆ ಬೋಟು ಬರಲ್ಲ," ಎಂದೆ. "ಯಾರಿಗಾದ್ರೂ ಹುಷಾರಿಲ್ದಿದ್ರೆ... ದೇ ಜಸ್ಟ್ ವೇಟ್. ಕಾಯ್ತಾರೆ."

ನಗು ನಿಂತಿತು. ಆಂಟಿ ಮತಕ್ಕೆ ಕೈ ಎತ್ತಿಸಿದರು. ಆ ಕಡೆ ಆರು, ಈ ಕಡೆ ಆರು. ಉಳಿದವಳು ರಶ್ಮಿ ಒಬ್ಬಳೇ. ನನ್ನನ್ನೇ ನೋಡುತ್ತ ನಿಂತಳು. ಕಣ್ಣು ತುಂಬಿತ್ತು. ಮೆಲ್ಲಗೆ ಮಂಗಳೂರಿನ ಪರ ಕೈ ಎತ್ತಿದಳು.

"ಐ ಹ್ಯಾವ್ ಟು," ಎಂದಳು. "ಮಂಗಳೂರಿನವ್ರು ನನ್ನ ಕಳ್ಸಿದಾರೆ."

ನಾನು ಊಟ ಮುಟ್ಟಲಿಲ್ಲ, ಅವಳ ಜೊತೆ ಮಾತೂ ಆಡಲಿಲ್ಲ. ಕಾರಿನಲ್ಲಿ ಕೂತ ಮೇಲೆ ಅಜ್ಜ ಸಮಾಧಾನ ಹೇಳುತ್ತಾರೆಂದುಕೊಂಡಿದ್ದೆ. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು.

"ಅಮಿನೀಲಿ ಒಬ್ಳು, ನಿನ್ನಷ್ಟೇ ದೊಡ್ಡ ಹುಡುಗಿ, ಮಗೂ. ಒಂಬತ್ತು ದಿನ ಕಾದೆವು. ನನ್ನ ಹತ್ರ ಇದ್ದ ಔಷಧಿ ಮುಗಿದಿತ್ತು. ದೋಣಿ ಬರ್ಲೇ ಇಲ್ಲ."

ಕೀಲಿ ತಿರುಗಿಸಲು ಹೊರಟಿದ್ದ ಅಮ್ಮನ ಕೈ ಹಾಗೇ ನಿಂತಿತು. ಇದನ್ನು ಅವಳೂ ಕೇಳಿದ್ದು ಅದೇ ಮೊದಲು. ಏನಾದರೂ ಹೇಳಬೇಕೆನಿಸಿತು, ಅದಕ್ಕೆ ಬೇಕಾದಷ್ಟು ಕನ್ನಡ ನನ್ನಲ್ಲಿರಲಿಲ್ಲ.

ಮುಂದಿನ ವಾರವೇ ರಶ್ಮಿಯೂ ನಾನೂ ರಾಜಿಯಾದೆವು. ಅಜ್ಜ ಬೇಸಿಗೆಯಲ್ಲಿ ಊರಿಗೆ ಮರಳಿ, ಎರಡು ವರ್ಷಕ್ಕೆ ತೀರಿಕೊಂಡರು. ದ್ವೀಪದ ಆ ಹುಡುಗಿಯ ಹೆಸರೇನೆಂದು ಕೇಳಬೇಕಿತ್ತೆಂದು ನನಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ, ಕನ್ನಡ ಸರಾಗವಾಗಿ ಬಂದ ಮೇಲೆ. ಅಷ್ಟರಲ್ಲಿ ಅದನ್ನು ಬಲ್ಲವರು ಯಾರೂ ಉಳಿದಿರಲಿಲ್ಲ.