ಗಿರಣಿಯ ಮದ್ದು, ಗಾಡಿಯ ಪಟ್ಟಾ

೧೯೭೨ರ ಸುಮಾರಿನಲ್ಲಿ ನ್ಯೂಯಾರ್ಕಿನ ಹತ್ತಿರದ ಮೆಟುಚೆನ್ನಿಗೆ ಹೊಸದಾಗಿ ಬಂದ ಕನ್ನಡದವರು ಮುರುಗೆಪ್ಪನವರ ಮನೆ ಯಾವುದೆಂದು ಕೇಳಿದರೆ, ಬಾಗಿಲಿನ ಸಂಖ್ಯೆಯನ್ನು ಯಾರೂ ಹೇಳುತ್ತಿರಲಿಲ್ಲ. "ಸ್ಟೇಷನ್ ಹಿಂದಿನ ಬೀದಿಗೆ ಹೋಗಿ. ಯಾವ ಗ್ಯಾರೇಜಿನಲ್ಲಿ ಕಾರಿನ ಕೆಳಗಿಂದ ಎರಡು ಕಾಲು ಚಾಚಿರುತ್ತವೋ ಅದೇ" ಎನ್ನುತ್ತಿದ್ದರು. ಬಂದವರು ಆ ಕಾಲುಗಳಿಗೇ ನಮಸ್ಕಾರ ಹೇಳುತ್ತಿದ್ದರು. ಕಾಲುಗಳ ಕಡೆಯಿಂದ, "ಬರ್ರಿ, ಒಳಗ ಕೂಡ್ರಿ, ಚಹಾ ಕುಡೀರಿ" ಎಂದು ಉತ್ತರವೂ ಬರುತ್ತಿತ್ತು.

ಮುರುಗೆಪ್ಪನವರು ಗದಗಿನವರು. ಹತ್ತಿರದ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಇಂಜಿನಿಯರು. ಅವರ ತಂದೆಗೆ ಊರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಇಂಜಿನ್ನಿನ ಚಕ್ರದಿಂದ ಬೀಸುವ ಕಲ್ಲಿನವರೆಗೆ ಓಡುತ್ತಿದ್ದ ಆ ಉದ್ದನೆಯ ಚರ್ಮದ ಪಟ್ಟಾದ 'ಚಟಪಟ' ಸದ್ದೇ ಅವರಿಗೆ ಜೋಗುಳವಾಗಿತ್ತು. ಸೋಮವಾರ ಗಿರಣಿಗೆ ರಜೆ. ಅಂದು ತಂದೆ ಹರಳೆಣ್ಣೆಯಲ್ಲಿ ರಾಳವನ್ನು ಕರಗಿಸಿ, ಬಟ್ಟೆಯ ಉಂಡೆಯಿಂದ ಪಟ್ಟಾದ ಒಳಮೈಗೆ ಸವರುತ್ತಿದ್ದರು. "ಹಸದ ಎತ್ತು ದುಡಿಯೂದಿಲ್ಲ, ಹಸದ ಪಟ್ಟಾ ಹಿಡಿಯೂದಿಲ್ಲ" ಎಂಬುದು ಅವರ ಮಾತು. ಆ ಮದ್ದು ಬಿದ್ದ ಪಟ್ಟಾ ವಾರವಿಡೀ ಜಾರುತ್ತಿರಲಿಲ್ಲ.

ಇಂಥವರ ಕೈಗೆ ಒಂದು ಸೂಪರ್‌ಚಾರ್ಜರ್ ಇದ್ದ ಕಾರು ಸಿಕ್ಕಿತು. ಹಿಂದಿನ ಮಾಲೀಕ ವೇಗದ ಹುಚ್ಚಿನವನು. ತಾನೇ ಆ ಯಂತ್ರವನ್ನು ತಂದು ಕೂರಿಸಿದ್ದ. ಕಮ್ಮಾರನ ತಿದಿ ಕುಲುಮೆಗೆ ಗಾಳಿ ಊದುವಂತೆ ಅದು ಇಂಜಿನ್ನಿಗೆ ಗಾಳಿ ಊದುತ್ತಿತ್ತು. ಆಗ ಕಾರಿಗೆ ಎಲ್ಲಿಲ್ಲದ ಬಲ. ಆದರೆ ಅವನು ಒಂದೇ ರಬ್ಬರಿನ ಪಟ್ಟಾದಿಂದ ಆ ತಿದಿಯನ್ನೂ ಇಂಜಿನ್ನನ್ನು ತಂಪಾಗಿಡುವ ನೀರಿನ ಪಂಪನ್ನೂ ತಿರುಗಿಸುವಂತೆ ಮಾಡಿದ್ದ. ಪಟ್ಟಾ ಕಿತ್ತುಹೋದರೆ ಬಲ ಹೋಗುವುದು ಮಾತ್ರವಲ್ಲ, ಕ್ಷಣದಲ್ಲಿ ಇಂಜಿನ್ನು ಕುದಿಯತೊಡಗುತ್ತಿತ್ತು.

ಆ ಪಟ್ಟಾ ಮೇಲಿಂದ ಮೇಲೆ ಕಿತ್ತುಹೋಗುತ್ತಿತ್ತು.

ಒಂದೆರಡು ಸಲ ದಾರಿಯಲ್ಲಿ ಕಿತ್ತುಹೋದಾಗ ಮುರುಗೆಪ್ಪನವರು ನಕ್ಕು, ಡಿಕ್ಕಿಯಲ್ಲಿದ್ದ ಹೊಸದನ್ನು ಹಾಕಿ ಮುಂದೆ ಹೋದರು. ಆದರೆ ಆ ಅಕ್ಟೋಬರಿನಲ್ಲಿ ಅದು ಅವರ ಹೆಂಡತಿ ಅನಸೂಯಾ ಅವರ ಡ್ರೈವಿಂಗ್ ಪರೀಕ್ಷೆಯ ನಡುವೆಯೇ ಕಿತ್ತುಹೋಯಿತು. ಪಕ್ಕದಲ್ಲಿ ಕುಳಿತಿದ್ದ ಪರೀಕ್ಷಕನು 'ಢಮ್' ಎಂಬ ಸದ್ದಿಗೆ ಬೆಚ್ಚಿ, ಮುಂದೆ ಎದ್ದ ಆವಿಯನ್ನು ಕಂಡು, ಬಾಗಿಲು ತೆರೆದು ಇಳಿದೇಬಿಟ್ಟನು. ಗಾಡಿಯನ್ನು ಸರಿಮಾಡಿಸಿಕೊಂಡು ಬಾರಮ್ಮ ಎಂದು ಮರಳಿ ಕಳಿಸಿದನು.

ಅನಸೂಯಾ ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದವರು. ಹಿಲ್ಸ್‌ಬರೋದ ಹಾಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಡಿಸೆಂಬರಿನ ಮೊದಲ ದಿನ ಹಾಜರಾಗಬೇಕು. ಅಲ್ಲಿಗೆ ಬಸ್ಸಿಲ್ಲ, ರೈಲಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಕೆಲಸವೂ ಇಲ್ಲ. ಮತ್ತೆ ಸಿಕ್ಕ ಪರೀಕ್ಷೆಯ ದಿನವೋ ನವೆಂಬರಿನ ಕೊನೆಯ ವಾರದಲ್ಲಿತ್ತು.

"ಮೂರು ವರ್ಷ ಅಡಗಿಮನಿ ಕಿಡಕಿಯೊಳಗಿಂದ ಹಿಮಾ ನೋಡೀನ್ರಿ" ಎಂದರು ಅನಸೂಯಾ. "ಈ ಸಲ ನಿಮ್ಮ ಪಟ್ಟಾ ಹರೀತಂದ್ರ, ನಾ ಏನೂ ಅನ್ನೂದಿಲ್ಲ. ಸುಮ್ಮನ ಆಗತೇನಿ."

ಅವರು ಬೈದಿದ್ದರೆ ಮುರುಗೆಪ್ಪನವರು ತಡೆದುಕೊಳ್ಳುತ್ತಿದ್ದರು. ಸುಮ್ಮನಾಗುತ್ತೇನೆ ಎಂದ ಮಾತು ಮುಳ್ಳಿನಂತೆ ನಾಟಿತು.

ಪಕ್ಕದ ಬೀದಿಯ ದ್ವಾರಕಾನಾಥರು ಮೈಸೂರಿನವರು, ದಿನವೂ ರೈಲಿನಲ್ಲಿ ನ್ಯೂಯಾರ್ಕಿಗೆ ಹೋಗಿಬರುವ ವಿಮಾ ಕಂಪನಿಯ ನೌಕರರು. ಮಾತಿನಲ್ಲಿ ಮಹಾ ಕಿಲಾಡಿ. "ನನ್ ಗಾಡಿ ತಗೊಂಡ್ ಹೋಗ್ರಿ ಅಂದ್ರೆ ನಿಮ್ ಗಾಡಿ ಥರ ಅದರಲ್ಲಿ ಗೇರ್ ತಾನಾಗೇ ಬೀಳಲ್ಲ, ಅನಸೂಯಮ್ಮನವ್ರಿಗೆ ಹಾಕೋಕ್ ಬರಲ್ಲ. ನಿಮ್ ಗಾಡಿ ನೋಡಿದ್ರೆ ಬೆಲ್ಟನ್ನ ಊಟದ್ ಥರ ತಿನ್ನತ್ತೆ. ಅದಕ್ಕೇನು ಹುಳ ಗಿಳ ಇದೆಯೇನ್ರೀ?" ಎಂದರು.

"ನಗ್ರಿ, ನಗ್ರಿ. ರೋಗ ಏನಂತ ಸಿಕ್ಕ ಮ್ಯಾಲ ಮದ್ದೇನು ದೂರ?" ಎಂದರು ಮುರುಗೆಪ್ಪನವರು, ಗಾಡಿಯ ಕೆಳಗಿನಿಂದಲೇ.

ಆದರೆ ರೋಗವೇ ಕೈಗೆ ಸಿಗುತ್ತಿರಲಿಲ್ಲ. ಮೊದಲು ಪಟ್ಟಾ ಸುತ್ತುವ ಗಾಲಿಗಳಾದ ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ಒಂದರ ಅಂಚಿನಿಂದ ಇನ್ನೊಂದರ ಅಂಚಿಗೆ ದಾರ ಹಿಡಿದು ನೋಡಿದರು. ತಿದಿಯ ಪುಲ್ಲಿ ಕೂದಲೆಳೆಯಷ್ಟು ಹಿಂದಿತ್ತು. ತೆಳುವಾದ ತಗಡಿನ ಬಿಲ್ಲೆ ಇಟ್ಟು ಸರಿಮಾಡಿದರು. ಪಟ್ಟಾ ಮತ್ತೆ ಕಿತ್ತುಹೋಯಿತು. ಬಿಗಿ ಹೆಚ್ಚಾಯಿತೇನೋ ಎಂದು ಸಡಿಲಿಸಿದರು. ಅದು ಕಿರುಚಿ ಜಾರಿತು. ಬಿಗಿ ಮಾಡಿದರು, ಹಾರಿ ಹೋಯಿತು. ಬೇರಿಂಗುಗಳನ್ನು ಕಿವಿಗೊಟ್ಟು ಆಲಿಸಿದರು. ಅವು ಬೆಣ್ಣೆಯಂತೆ ತಿರುಗುತ್ತಿದ್ದವು. ಕಿತ್ತುಹೋದ ಪಟ್ಟಾಗಳ ಪಕ್ಕೆಗಳು ಮಾತ್ರ ಸುಟ್ಟ ಹುಣಸೆಬೀಜದಂತೆ ಕಪ್ಪಗೆ ಹೊಳೆಯುತ್ತಿದ್ದವು.

ಪ್ರತಿ ಹೊಸ ಪಟ್ಟಾ ಹಾಕಿದ ಮೇಲೂ, ಆಮೇಲೆ ಪ್ರತಿ ವಾರವೂ, ತಪ್ಪದೆ ಮಾಡುತ್ತಿದ್ದ ಕೆಲಸವೊಂದಿತ್ತು. ಔಷಧಿ ಅಂಗಡಿಯಿಂದ ತಂದ ಹರಳೆಣ್ಣೆಯನ್ನು ಅಡುಗೆಮನೆಯ ಸಣ್ಣ ಬೋಗುಣಿಯಲ್ಲಿ ಕಾಯಿಸಿ, ಅದರಲ್ಲಿ ರಾಳ ಕರಗಿಸಿ, ಪಟ್ಟಾಕ್ಕೆ ಸವರುವುದು. ರಾಳವು ಪಿಟೀಲಿನ ಕಮಾನಿಗೆ ತಿಕ್ಕುವ ಉಂಡೆಯ ರೂಪದಲ್ಲಿ ಸಂಗೀತದ ಅಂಗಡಿಯಲ್ಲಿ ಸಿಕ್ಕಿತ್ತು. ಇವರು ಪದೇ ಪದೇ ಕೊಳ್ಳುವುದನ್ನು ಕಂಡ ಅಂಗಡಿಯ ಮುದುಕ, ಯಾರೋ ಭಾರೀ ವಿದ್ವಾಂಸರಿರಬೇಕೆಂದು ಬಗೆದು, ತಮ್ಮ ಚರ್ಚಿನ ಸಂಗೀತ ಕಚೇರಿಗೆ ಬಂದು ನುಡಿಸಬೇಕೆಂದು ಕೇಳಿಕೊಂಡಿದ್ದ. ಮುರುಗೆಪ್ಪನವರು ಅಂದಿನಿಂದ ಬೇರೆ ಊರಿನ ಅಂಗಡಿಗೆ ಹೋಗುತ್ತಿದ್ದರು.

ಈ ಸವರುವಿಕೆಯನ್ನು ಅವರು ಎಂದೂ ಅನುಮಾನಿಸಲಿಲ್ಲ. ಹೊಸ್ತಿಲಿಗೆ ಅರಿಸಿನ ಹಚ್ಚಿದ್ದರಿಂದ ಮನೆ ಸೋರಿತೇ ಎಂದು ಯಾರಾದರೂ ಯೋಚಿಸುತ್ತಾರೆಯೇ? ಹಾಗೆಯೇ ಇದೂ. ಪಟ್ಟಾ ಎಂದರೆ ಮದ್ದು ಸವರುವುದು, ಅಷ್ಟೇ.

ಪರೀಕ್ಷೆಗೆ ವಾರವಿರುವಾಗ, ಒಂದು ಶನಿವಾರ ಮಧ್ಯಾಹ್ನ, ಮುರುಗೆಪ್ಪನವರು ಪುಲ್ಲಿಗಳನ್ನೆಲ್ಲ ಬಿಚ್ಚಿ ಹಳೆಯ ಪತ್ರಿಕೆಯ ಮೇಲೆ ಹರಡಿಕೊಂಡು ಕುಳಿತಿದ್ದರು. ದ್ವಾರಕಾನಾಥರು ಸ್ಟೂಲಿನ ಮೇಲೆ ಕುಳಿತು ಚಹಾ ಹೀರುತ್ತಿದ್ದರು. ಅಷ್ಟರಲ್ಲಿ ಅನಸೂಯಾ ಒಗ್ಗರಣೆಗೆಂದು ಬೋಗುಣಿ ಹುಡುಕುತ್ತ ಗ್ಯಾರೇಜಿಗೆ ಬಂದರು.

"ಅಲ್ರೀ, ಮತ್ತ ತಂದ್ರ್ಯಾ? ಹೋದ ವಾರ ನಾ ಇದನ್ನ ತಿಕ್ಕಿ ತಿಕ್ಕಿ ಉಗುರು ಸವಿಸಿಕೊಂಡೀನಿ. ಆರಿದ ಮ್ಯಾಲ ಕಲ್ಲಾಗತೈತಿ ಇದು. ಬಿಸಿನೀರಿಗೂ ಜಪ್ಪಯ್ಯ ಅನ್ನೂದಿಲ್ಲ. ಕಡೀಕ ಟರ್ಪೆಂಟೈನ್ ಹಾಕಿದೆ."

"ಅದು ಹಂಗ ಹಿಡೀಬೇಕು. ಅದಕ್ಕಽ ಅದು ಮದ್ದು."

ಅನಸೂಯಾ ಬೋಗುಣಿಯನ್ನು ಎತ್ತಿಕೊಂಡರು. ಹೊರಟವರು ನಿಂತರು. ಕಾಲ ಬಳಿ ಬಿದ್ದಿದ್ದ ಪುಲ್ಲಿಯನ್ನು ನೋಡಿ, ಬಗ್ಗಿ, ಪಟ್ಟಾ ಕೂರುವ ಅದರ ಕಾಲುವೆಯೊಳಗೆ ಉಗುರು ಹಾಕಿ ಕೆರೆದರು. ಕಂದು ಬಣ್ಣದ ಗಾಜಿನಂಥ ಚಕ್ಕೆಯೊಂದು ಎದ್ದು ಬಂತು.

"ಇದೇನ್ರೀ, ಇಲ್ಲೂ ಅದಽ ಐತಿ."

"ಏನು?"

"ನನ್ನ ಬೋಗುಣಿ ತಳದಾಗ ಇದ್ದದ್ದು. ನೋಡ್ರಿಲ್ಲೆ, ಎರಡೂ ಪಕ್ಕಕ್ಕ ಅಂಟುಂಡಿ ಪಾಕದಂಗ ಹತ್ತಿ ಕುಂತೈತಿ."

ಮುರುಗೆಪ್ಪನವರು ಪುಲ್ಲಿಯನ್ನು ಕಸಿದುಕೊಂಡರು. ಹೊಸ ಪಟ್ಟಾ ತೆಗೆದು ಆ ಕಾಲುವೆಯಲ್ಲಿ ಕೂರಿಸಿದರು. ಒಳಗೆ ಇಳಿದು ಅಂಚಿಗೆ ಸಮನಾಗಿ ನಿಲ್ಲಬೇಕಾದ ಪಟ್ಟಾ, ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ನಿಂತ ಪ್ರಯಾಣಿಕನಂತೆ, ಅರ್ಧ ಹೊರಗೇ ಉಳಿಯಿತು.

ಅವರು ಹೆಬ್ಬೆರಳಿನಿಂದ ಒತ್ತಿ ನೋಡಿದರು; ಅದು ಇಳಿಯಲಿಲ್ಲ. ಗಿರಣಿಯ ಪಟ್ಟಾ ಚಪ್ಪಟೆಯಾದ ಚರ್ಮ; ಅದರ ಹಿಡಿತ ಒಳಮೈಯಲ್ಲಿ, ಚರ್ಮಕ್ಕೆ ಎಣ್ಣೆ ಬೇಕು. ಇದು ರಬ್ಬರು, ಬೆಣೆಯ ಆಕಾರದ್ದು. ಪಕ್ಕೆಗಳು ಒಣಗಿದ್ದರೇ ಹಿಡಿತ. ಮದ್ದು ಇಂಜಿನ್ನಿನ ಕಾವಿಗೆ ಕರಗಿ, ಕಾಲುವೆಗೆ ಹರಿದು, ಆರಿ ಗಟ್ಟಿಯಾಗಿ, ಪಟ್ಟಾವನ್ನು ಮೇಲೆ ಮೇಲೆ ಎತ್ತಿತ್ತು. ಮೇಲೆದ್ದ ಪಟ್ಟಾ ಜಾರಿ ಬಿಸಿಯಾಗುತ್ತಿತ್ತು, ಬಿಸಿಯಾದದ್ದು ಕಿತ್ತುಹೋಗುತ್ತಿತ್ತು.

"ಅಯ್ಯೋ, ನಮ್ಮಪ್ಪನ ಮದ್ದು!" ಎಂದರು ಕಡೆಗೆ. "ಪಟ್ಟಾ ಹಸದೈತಿ ಅಂತ ನಾ ಉಣ್ಣಿಸಿದೆ. ಅದಕ್ಕ ಅಜೀರ್ಣ ಆಗೇತಿ!"

ದ್ವಾರಕಾನಾಥರ ಮೂಗಿಗೆ ಚಹಾ ಏರಿತು. "ಹರಳೆಣ್ಣೆ ಕುಡಿಸಿದ್ರೆ ಏನಾಗತ್ತೆ ಅಂತ ಮಕ್ಕಳಿಗೂ ಗೊತ್ತು ಸ್ವಾಮಿ! ಪಾಪ, ಅದು ಓಡದೆ ಇನ್ನೇನ್ ಮಾಡತ್ತೆ?"

ಅನಸೂಯಾ ನಕ್ಕು ನಕ್ಕು ಕಾರಿಗೆ ಒರಗಿದರು. ಮುರುಗೆಪ್ಪನವರೂ ನಕ್ಕರು. ಅಂದು ಸಂಜೆ ಮೂವರೂ ಕುಳಿತು ಟರ್ಪೆಂಟೈನಿನಲ್ಲಿ ಪುಲ್ಲಿಗಳನ್ನು ಲೋಹ ಕಾಣುವವರೆಗೆ ಉಜ್ಜಿದರು. ಹೊಸ ಪಟ್ಟಾವನ್ನು ಒಣಬಟ್ಟೆಯಲ್ಲಿ ಒರೆಸಿ ಹಾಕಿದರು. ಅದು ಒಳಗಿಳಿದು, ಹೇಳಿ ಮಾಡಿಸಿದಂತೆ ಕುಳಿತಿತು. ಏನನ್ನೂ ಸವರದೆ ಇಂಜಿನ್ನಿನ ಮುಚ್ಚಳ ಮುಚ್ಚುವಾಗ ಮುರುಗೆಪ್ಪನವರ ಕೈ ತುಸು ತಡೆಯಿತು. ಅನ್ನಕ್ಕೆ ತುಪ್ಪ ಹಾಕದೆ ಎದ್ದು ಹೋದಂತೆ ಅನಿಸಿತು.

ಪರೀಕ್ಷೆಯ ದಿನ ಚಳಿ ಕೊರೆಯುತ್ತಿತ್ತು. ಮುರುಗೆಪ್ಪನವರು ಬೇಲಿಯ ಹೊರಗೆ ನಿಂತರು. ಅದೇ ಪರೀಕ್ಷಕ, ಕಾರನ್ನು ಕಂಡು ಗುರುತಿಸಿ, ಒಳಗೆ ಕೂರುವ ಮುನ್ನ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿ ನೋಡಿಕೊಂಡನು. ಕಾರು ಹೊರಟಿತು. ತಿದಿಯ ಸಣ್ಣ ಸಿಳ್ಳು ತಿರುವಿನಲ್ಲಿ ಇಳಿಯಿತು, ನೇರ ದಾರಿಯಲ್ಲಿ ಏರಿತು, ಎಲ್ಲಿಯೂ ತೊದಲಲಿಲ್ಲ. ಅನಸೂಯಾ ಎರಡು ಕಂಬಗಳ ನಡುವೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದಾಗ ಮುರುಗೆಪ್ಪನವರು ಬೇಲಿಯ ತಂತಿಯನ್ನು ಎರಡೂ ಕೈಗಳಲ್ಲಿ ಹಿಡಿದಿದ್ದರು.

ಪರೀಕ್ಷಕ ನಿಧಾನವಾಗಿ, ಮರ್ಯಾದೆಯಿಂದ ಇಳಿದನು. ಅನಸೂಯಾ ಸಹಿಯಾದ ಕಾಗದವನ್ನು ಕಿಟಕಿಯಿಂದ ಹೊರಗೆ ಹಿಡಿದು ಆಡಿಸಿದರು.

ಮುರುಗೆಪ್ಪನವರು ಓಡಿ ಬಂದು ಚಾಲಕನ ಬದಿಯ ಬಾಗಿಲು ತೆರೆದರು. ಅನಸೂಯಾ ಅಲುಗಲಿಲ್ಲ.

"ಆ ಕಡೆ ಹತ್ತರಿ."

"ಮನೀಗೆ ನಾ ಹೊಡೀತೀನಲ್ಲ?"

"ಮನೀಗೆ ಯಾರು ಹೊಂಟಾರ? ಹಿಲ್ಸ್‌ಬರೋಕ್ಕ. ಒಂದನೇ ತಾರೀಖಿಗೆ ದಾರಿ ತಪ್ಪಬಾರದು. ಒಮ್ಮೆ ಫ್ಯಾಕ್ಟರಿ ಗೇಟು ನೋಡಿ ಬರೂಣು."

ಅವರು ಸುತ್ತಿ ಬಂದು ಆ ಕಡೆ ಹತ್ತಿದರು. ಕೊಂಚ ದೂರ ಸಿಳ್ಳಿಗೆ ಕಿವಿಗೊಟ್ಟರು. ಮತ್ತೆ ಕೊಂಚ ದೂರ ಹೆಂಡತಿಗೆ ಕನ್ನಡಿ ನೋಡು, ಬ್ರೇಕು ಹಿಡಿ ಎಂದು ಹೇಳಿದರು. ದಾರಿಯ ಎರಡೂ ಕಡೆ ಹೊಲಗಳು ತೆರೆದುಕೊಂಡವು. ತಿದಿಯ ಸಿಳ್ಳು ಊರಿನ ಗಿರಣಿಯ ಪಟ್ಟಾದಂತೆ ಒಂದೇ ಸಮ ಜೋಗುಳ ಹಾಡುತ್ತಿತ್ತು. ಅನಸೂಯಾ ಕಾರ್ಖಾನೆಯ ಗೇಟಿನ ಮುಂದೆ ಕಾರು ನಿಲ್ಲಿಸಿ, "ಬಂತ್ರೀ, ನೋಡ್ರಿಲ್ಲೆ" ಎಂದು ಸಂಭ್ರಮದಿಂದ ತಿರುಗಿದಾಗ, ಮುರುಗೆಪ್ಪನವರು ಬಾಯಿ ತೆರೆದುಕೊಂಡು, ಗಾಢವಾದ ನಿದ್ರೆಯಲ್ಲಿದ್ದರು.